ಮಗಳಿಗೊಂದು ಪತ್ರ: ಕಲ್ಲಿನ ಮೇಲಿನ ಹೆಸರು ಮೊದಲು

ಪ್ರೀತಿಯ ಮಗಳೇ,

ನಿಮ್ಮೂರಿನ ಯೋಧರ ಸ್ಮಾರಕ ದುರಸ್ತಿಯಾಗಿ ಮತ್ತೆ ಸಮರ್ಪಣೆಯಾಗುವ ದಿನ ಹೂಮಾಲೆ ಇಡಿಸುವ ಹೊಣೆ ನಿನ್ನದು ಅಂದೆಯಲ್ಲ. ಹಿಂದಿನ ಸಂಜೆಯೇ ಹೋಗಿ ಕಲ್ಲಿನ ಮುಂದೆ ನಿಂತು ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದು. ಇನಿಷಿಯಲ್, ದರ್ಜೆ, ಸೇವಾ ಸಂಖ್ಯೆ ಮೂರನ್ನೂ ಮನೆಯವರ ಕೈಲಿರುವ ಕಾಗದದೊಂದಿಗೆ ತಾಳೆ ನೋಡು. ನಮ್ಮ ಕೋಲಾರದ ಕಡೆ ಎಷ್ಟೋ ಹೆಸರು ಅಪ್ಪ, ಅಣ್ಣ ಅಂತಲೇ ಮುಗಿಯುತ್ತವೆ, ಒತ್ತಕ್ಷರ ಹೆಚ್ಚು. ಅಕ್ಷರ ತೀರಾ ಚಿಕ್ಕದಾದರೆ ಉಳಿ ತಾಗಿದಾಗ ಗ್ರಾನೈಟಿನ ಹರಳು ಸಿಡಿದು ಒತ್ತೇ ಹಾರಿಹೋಗಬಹುದು. ಅಂಥದ್ದು ಕಂಡರೆ ಬಣ್ಣ ತುಂಬಿ ಮರೆಸಲು ಬಿಡಬೇಡ.

ಕೊನೇ ಗಳಿಗೆಯಲ್ಲಿ ಯಾರಾದರೂ ಆ್ಯಸಿಡ್ ತಂದರೆ ತಡೆ. ಅಂದು ಹೊಳೆಯುತ್ತದೆ ನಿಜ, ಆದರೆ ಕಲ್ಲಿನೊಳಗಿನ ಕಬ್ಬಿಣದ ಅಂಶ ಹೊರಬಂದು ಆಮೇಲೆ ತುಕ್ಕಿನ ಹಳದಿ ಕಲೆ ಏಳುತ್ತದೆ. ನೀರು, ನೈಲಾನ್ ಬ್ರಷ್ ಸಾಕು. ಕೆಳಗಿನಿಂದ ಮೇಲಕ್ಕೆ ನೆನೆಸಿಕೊಂಡು ಉಜ್ಜಿಸು; ಒಣ ಕಲ್ಲಿನ ಮೇಲೆ ಕೊಳೆನೀರು ಇಳಿದರೆ ಗೆರೆ ಉಳಿಯುತ್ತದೆ.

ಗಂಗರ, ನೊಳಂಬರ ಕಾಲದ ವೀರಗಲ್ಲುಗಳಿಗೆ ಇಂದಿಗೂ ಎಣ್ಣೆ, ಕುಂಕುಮ ಹಚ್ಚುವ ಜನ ನಾವು. ಇಲ್ಲಿಯೂ ತಾಯಂದಿರು ತೆಂಗಿನಕಾಯಿ ತರುತ್ತಾರೆ, ಬೇಡ ಅನ್ನಬೇಡ. ಎರಡು ಅಡಿ ಮುಂದೆ ಬೇರೆ ಚಪ್ಪಡಿ ಹಾಕಿಸು, ದೀಪ, ಕಾಯಿ, ಕುಂಕುಮ ಎಲ್ಲ ಅಲ್ಲೇ. ಸ್ಮಾರಕಕ್ಕೆ ಎಣ್ಣೆ ಇಳಿದರೆ ದೂಳು ಕೂತು ಹೆಸರೇ ಕಪ್ಪಾಗುತ್ತದೆ.

ಅನಾವರಣಕ್ಕೆ ರಾಷ್ಟ್ರಧ್ವಜ ಹೊದಿಸುವಂತಿಲ್ಲ. 1971ರ ರಾಷ್ಟ್ರೀಯ ಗೌರವ ಅಪಮಾನ ತಡೆ ಕಾಯ್ದೆ ಸ್ಮಾರಕಕ್ಕೆ ಧ್ವಜ ಮುಚ್ಚುವುದನ್ನು ಅಪಮಾನವೆಂದೇ ಪರಿಗಣಿಸುತ್ತದೆ. ಬಿಳಿ ಬಟ್ಟೆ ಸಾಕು. ಧ್ವಜವನ್ನು ಅರ್ಧಕ್ಕೆ ಇಳಿಸುವುದೂ ಬೇಡ, ಅದು ಸರ್ಕಾರದ ಆದೇಶದ ಮೇಲೆ ಮಾತ್ರ. ಶಾಮಿಯಾನದ ಹಗ್ಗ ಕಂಬಕ್ಕಿರಲಿ, ಕಲ್ಲಿಗಲ್ಲ.

ಮೊದಲ ಹೂಮಾಲೆ ಹುತಾತ್ಮರ ಮನೆಯವರದ್ದು. ಅವರು ಪದಕ ಧರಿಸಿದರೆ ಬಲ ಎದೆಗೆ. ಎಡ ಎದೆ ಪದಕ ಗಳಿಸಿದವರದೇ. ಹೂಮಾಲೆ ಇಟ್ಟಾದ ಮೇಲೆ ಬಂದೂಕು ಹಿಡಿದ ಗೌರವ ಗಾರ್ಡ್ ಶೋಕ ಶಸ್ತ್ರ ಮಾಡುತ್ತದೆ, ಅಂದರೆ ಬಂದೂಕಿನ ನಳಿಗೆ ಕೆಳಗೆ ಮಾಡಿ ತಲೆ ಬಾಗಿಸುತ್ತದೆ. ಆಮೇಲೆ ಬ್ಯುಗಲಿನಲ್ಲಿ ಲಾಸ್ಟ್ ಪೋಸ್ಟ್ ಎಂಬ ವಿದಾಯದ ರಾಗ, ಎರಡು ನಿಮಿಷ ಮೌನ, ಮೌನ ಮುಗಿಸುವ ರೌಸ್ ಎಂಬ ಬ್ಯುಗಲ್ ರಾಗ, ಕೊನೆಗೆ ಬಂದೂಕು ನೇರ ಎತ್ತಿಹಿಡಿಯುವ ಸಲಾಮಿ ಶಸ್ತ್ರ. ಇಲ್ಲಿ ಕೆಡಿಸುವವರು ನಿರೂಪಕರೇ. ಲಾಸ್ಟ್ ಪೋಸ್ಟ್ ಮುಗಿದ ತಕ್ಷಣ "ಎಲ್ಲರೂ ಕುಳಿತುಕೊಳ್ಳಿ" ಎಂದುಬಿಡುತ್ತಾರೆ. ಮೌನ ಮುಗಿಸುವುದು ಬ್ಯುಗಲ್, ಮೈಕ್ ಅಲ್ಲ. ಮೌನದ ಹೊತ್ತಿಗೆ ಜನರೇಟರ್ ದೂರವಿರಲಿ ಅಥವಾ ಆರಿಸಿರಲಿ.

ಹೆಸರುಗಳನ್ನು ಓದುವುದು ಭಾಷಣಕ್ಕಿಂತ ಮೊದಲು. ಇದರಲ್ಲಿ ಮಾತ್ರ ಯಾರಿಗೂ ಸೋಲಬೇಡ. ಭಾಷಣ ಮುಗಿಯುವ ಹೊತ್ತಿಗೆ ವಯಸ್ಸಾದ ತಾಯಂದಿರು ಬಿಸಿಲಿಗೆ ಬಳಲಿ ಎದ್ದು ಹೋಗಿರುತ್ತಾರೆ. ಹಾಗೇ ಗಣ್ಯರ ಹೆಸರಿನ ಫಲಕ ಬೇರೆ ಕಲ್ಲಿನಲ್ಲಿ, ಯೋಧರ ಹೆಸರಿಗಿಂತ ಕೆಳಗೆ, ಚಿಕ್ಕ ಅಕ್ಷರದಲ್ಲಿ ಇರಲಿ.

ಹೂಮಾಲೆಗಳನ್ನು ಸ್ಟ್ಯಾಂಡಿಗೇ ಒರಗಿಸು, ತಂತಿ ಕಲ್ಲಿಗೆ ಗೀರು ಹಾಕುತ್ತದೆ. ಮೂರನೇ ದಿನಕ್ಕೆ ತೆಗೆಸು. ಕೊಳೆತ ಚೆಂಡುಹೂವಿನ ಕಲೆ ಹೋಗುವುದು ಕಷ್ಟ.

ನಿನ್ನ ಅಪ್ಪ