ಬೆನ್ನು ನೋವಿನಿಂದ ಶುರು ಮಾಡು

ಹನುಮಂತನಗರ, ಬೆಂಗಳೂರು

ಪ್ರಿಯ ತಮ್ಮಾ,

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುವಾಗ ನೀನು ಬರೆದು ಕೈಗಿಟ್ಟ ಬ್ರೂಸ್ ಲೀ ಜೀವನಚರಿತ್ರೆ ಓದಿ ಮುಗಿಸಿದೆ. ಎರಡು ರಾತ್ರಿ ಹಿಡಿಯಿತು. ಮೊದಲ ರಾತ್ರಿ ಸುಮ್ನೆ ಅಭಿಮಾನಿಯಾಗಿ ಓದಿದೆ, ಖುಷಿಯಾಯಿತು. ಎರಡನೇ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ಈ ಕಾಗದ ಬರೀತಿರೋದು ಆ ಪೆನ್ಸಿಲ್ ಹಿಡಿದವನು. ಬೈಕೋಬೇಡ.

'ಮಿಂಚು' ಅನ್ನುವ ಪದ ನಿನ್ನ ಹಸ್ತಪ್ರತಿಯಲ್ಲಿ 31 ಸಲ ಬಂದಿದೆ. ಎಣಿಸಿದ್ದೇನೆ. ಮಿಂಚಿನ ವೇಗ, ಮಿಂಚಿನ ಹೊಡೆತ, ಒಂದು ಕಡೆಯಂತೂ 'ಮಿಂಚೇ ನಾಚುವಂಥ ಮಿಂಚು'. ಅವನ ಕೈ ಬೇಗ ಓಡುತ್ತಿತ್ತು, ಒಪ್ಪಿದೆ. ಆದರೆ ವೇಗ ಕಾಣಬೇಕಾದರೆ ಮೊದಲು ನಿಂತಿರುವ ಮನುಷ್ಯ ಕಾಣಬೇಕು ಅಲ್ವಾ? ಭಾರ ಯಾವ ಕಾಲ ಮೇಲಿತ್ತು? ಭುಜ ತಿರುಗಿತಾ, ಇಲ್ಲವಾ? ಇದಕ್ಕೆಲ್ಲ ಕನ್ನಡದಲ್ಲಿ ಪದಗಳಿಲ್ಲ ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ಹಳೇ ಪೇಟೆ ಕಡೆಯ ಯಾವುದಾದರೂ ಗರಡಿ ಮನೆಗೆ ಹೋಗು. ಮಟ್ಟಿಯ ಅಂಚಿನಲ್ಲಿ ಒಂದು ಬೆಳಿಗ್ಗೆ ಕೂತು ಕೇಳು. ಪಟ್ಟು, ವರಸೆ, ಸಾಮು, ಲಾಗ. ಅಲ್ಲಿ ಯಾರೂ ಮಿಂಚು ಅನ್ನಲ್ಲ. 'ಸೊಂಟ ಇಳಿಸೋ' ಅಂತಾರೆ.

ಹಾಗೇ ಅವನ ಅಪ್ಪನನ್ನು 'ಒಪೆರಾ ಕಲಾವಿದ' ಅಂತ ಬರೆದು ದಾಟಿಬಿಟ್ಟಿದ್ದೀಯ. ನಮಗೆ ಒಪೆರಾ ಅಂದರೆ ಏನೂ ಕಾಣಿಸಲ್ಲ. ನಾಟಕ ಕಂಪನಿ ನಟ ಅನ್ನು, ತಕ್ಷಣ ಎಲ್ಲ ಕಾಣುತ್ತೆ: ಪೆಟ್ಟಿಗೆ, ಬಣ್ಣ, ಊರೂರು ತಿರುಗಾಟ. ಹಾಂಕಾಂಗಿನ ಆ ಕಂಪನಿ ಅಮೆರಿಕಕ್ಕೆ ಹೋಗಿದ್ದಾಗಲೇ 1940ರ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಗು ಹುಟ್ಟಿತು. ಕೂಸಾಗಿದ್ದಾಗಲೇ ಒಂದು ಸಿನಿಮಾದಲ್ಲಿ ಮುಖ ತೋರಿಸಿತು. ಡಾ. ರಾಜ್ ಅವರ ತಂದೆ ಪುಟ್ಟಸ್ವಾಮಯ್ಯನವರೂ ರಂಗದ ಮೇಲೆ ಅಬ್ಬರಿಸಿದವರು. ನಾಟಕದವರ ಮನೆ ಮಕ್ಕಳು ಹೇಗೆ ಬೆಳೀತಾರೆ ಅನ್ನೋದು ನಮ್ಮ ಓದುಗರಿಗೆ ನೀನು ಹೇಳಿಕೊಡಬೇಕಾಗಿಲ್ಲ. ಅವರಿಗೆ ಗೊತ್ತಿರುವುದನ್ನು ಬಳಸಿಕೋ.

ನನ್ನ ಕಥೆ ಒಂದು ಹೇಳ್ತೀನಿ. 1980ರ ದಶಕದ ಶುರುವಿನಲ್ಲಿ ನಾನು ಹೈಸ್ಕೂಲು. ಕಂಟೋನ್ಮೆಂಟ್ ಕಡೆಯ ಒಂದು ಥಿಯೇಟರಿಗೆ 'ಎಂಟರ್ ದ ಡ್ರ್ಯಾಗನ್' ಮತ್ತೆ ಬಂದಿತ್ತು. ಕನ್ನಡಕ್ಕೆ ಡಬ್ ಮಾಡುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ಇಂಗ್ಲಿಷ್ ಮಾತು ಒಂದೂ ತಲೆಗೆ ಹೋಗಲಿಲ್ಲ. ಹಾಗಾಗಿ ಪೂರ್ತಿ ಗಮನ ಮೈ ಮೇಲೆ. ಅವನ ಎದೆ ಮೇಲಿನ ಆ ಗೀರುಗಳು ಆಮೇಲೆ ನಮ್ಮ ಬೀದಿಯ ಸಲೂನಿನ ಗೋಡೆಗೂ ಚಿತ್ರವಾಗಿ ಬಂದವು. ಮಾರನೇ ವಾರ ನಾನು ಗುದ್ದಲಿ ಕಾವನ್ನು ಎರಡು ತುಂಡು ಮಾಡಿ, ನಡುವೆ ನಾಯಿ ಚೈನು ಹಾಕಿ ನುಂಚಾಕು ಮಾಡಿಕೊಂಡೆ. ಮೊದಲ ಬೀಸಿಗೆ ನನ್ನದೇ ಮೊಣಕೈಗೆ ಬಿತ್ತು. ಎರಡನೇ ಬೀಸಿಗೆ ಟ್ಯೂಬ್‌ಲೈಟ್ ಒಡೆಯಿತು. ಕೈ ಊದಿ ಬನ್ನಿನ ಹಾಗಾಗಿತ್ತು, ಅದರ ಮೇಲೆ ಅಪ್ಪನ ಏಟು ಬೇರೆ. ಬೀಸಿದ ತುಂಡು ತಿರುಗಿ ನನ್ನ ಕಡೆಗೇ ಬರುತ್ತೆ ಅನ್ನೋದು ಸಿನಿಮಾ ನೋಡುವಾಗ ಹೊಳೆದೇ ಇರಲಿಲ್ಲ.

ನಿನ್ನ ಪುಸ್ತಕದಲ್ಲಿ ಹಾಗೆ ತಿರುಗಿ ಬರುವುದು ಏನೂ ಇಲ್ಲ. ನಿನ್ನ ಬ್ರೂಸ್ ಲೀಗೆ ಸುಸ್ತೇ ಆಗಲ್ಲ. ನನ್ನ ತಕರಾರು ಇಷ್ಟೇ, ಮಿಕ್ಕಿದ್ದೆಲ್ಲ ಚಿಲ್ಲರೆ.

1964ರ ಕೊನೆಯಲ್ಲಿ ಅಮೆರಿಕದ ಓಕ್ಲೆಂಡಿನಲ್ಲಿ ವಾಂಗ್ ಜಾಕ್ ಮ್ಯಾನ್ ಅನ್ನುವ ಕುಂಗ್ ಫೂ ಗುರುವಿನ ಜೊತೆ ನಡೆದ ಕಾದಾಟ ತಗೋ. ನೀನು ಮೂರು ಸಾಲಿನಲ್ಲಿ ಗೆಲ್ಲಿಸಿ ಮುಂದೆ ಹೋಗಿದ್ದೀಯ. ಹೆಂಡತಿ ಲಿಂಡಾ ಆಗ ತುಂಬು ಗರ್ಭಿಣಿ, ಅಲ್ಲೇ ಇದ್ದರು. ಮೂರು ನಿಮಿಷದಲ್ಲಿ ಮುಗಿಯಿತು, ಗಂಡನೇ ಗೆದ್ದ ಅಂತ ಅವರ ಮಾತು. ವಾಂಗ್ ಕಡೆಯವರು 20 ನಿಮಿಷಕ್ಕಿಂತ ಜಾಸ್ತಿ ನಡೆಯಿತು, ಯಾರೂ ಸೋಲಲಿಲ್ಲ ಅನ್ನುತ್ತಾರೆ. ಎರಡನ್ನೂ ಬರಿ, ಯಾರ ಮಾತು ಅಂತ ಹೇಳಿ ಬರಿ. ಭಯ ಬೇಡ, ಓದುವವರು ದಡ್ಡರಲ್ಲ. ಆದರೆ ನೀನು ನಿಲ್ಲಬೇಕಾದ ಜಾಗ ಇನ್ನೊಂದಿದೆ. ಕಾದಾಟ ಮುಗಿದ ಮೇಲೆ ಅವನಿಗೆ ಏದುಸಿರು ಬಂದಿತ್ತು. ಗೆದ್ದೆ ಅನ್ನುವ ಮನುಷ್ಯ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ. ಇಷ್ಟಕ್ಕೆ ಇಷ್ಟು ದಮ್ಮು ಯಾಕೆ ಹತ್ತಿತು? ಕಲಿತ ವರಸೆ ಯಾಕೆ ಸಾಲಲಿಲ್ಲ? ಅಲ್ಲಿಂದ ಓಡಲು ಶುರು ಮಾಡಿದ, ಹಗ್ಗ ಹಾರಿದ, ಭಾರ ಎತ್ತಿದ. ಗುರು ಇಪ್ ಮ್ಯಾನ್ ಹತ್ತಿರ ಹುಡುಗನಾಗಿ ಕಲಿತ ವಿಂಗ್ ಚುನ್ ಅನ್ನುವ ಚೀನೀ ವರಸೆ ಒಂದನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟ. ಬಾಕ್ಸಿಂಗಿನಿಂದ ಹೆಜ್ಜೆ, ಕತ್ತಿವರಸೆಯಿಂದ ಅಳತೆ, ಬೇಕಾದ್ದನ್ನು ಬೇಕಾದ ಕಡೆಯಿಂದ ತಗೊಂಡ. ಅವನದೇ ವರಸೆ ಜೀತ್ ಕುನ್ ಡೋ ಹುಟ್ಟಿದ್ದು ಏದುಸಿರಿನಿಂದ ಕಣಯ್ಯಾ. ನಿನ್ನ 'ದಿವ್ಯ ಪ್ರತಿಭೆ'ಯಿಂದ ಅಲ್ಲ.

ಆಮೇಲೆ ಬೆನ್ನು. ಇದಕ್ಕೆ ನೀನು ಅರ್ಧ ಪುಟ ಕೊಟ್ಟಿದ್ದೀಯ. ನಾನಾಗಿದ್ದರೆ ಪುಸ್ತಕವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ.

1969ರಲ್ಲಿ ಅವನು ಒಂದು ಹಾಳೆಯ ಮೇಲೆ ತನಗೆ ತಾನೇ ಮಾತು ಬರೆದುಕೊಟ್ಟು ಸಹಿ ಹಾಕಿದ. ಅಮೆರಿಕದಲ್ಲಿ ಎಲ್ಲರಿಗಿಂತ ಜಾಸ್ತಿ ಸಂಭಾವನೆ ಪಡೆಯುವ ಏಷ್ಯಾದ ನಟ ಆಗುತ್ತೇನೆ, 1980ರ ಹೊತ್ತಿಗೆ ಒಂದು ಕೋಟಿ ಡಾಲರ್ ಇರುತ್ತೆ ಅಂತ. ಮಾರನೇ ವರ್ಷ, 1970ರಲ್ಲಿ, ಒಂದು ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳದೆ ಭಾರದ ಕಂಬಿ ಹೆಗಲಿಗಿಟ್ಟುಕೊಂಡು ಬಗ್ಗಿದ. ಬೆನ್ನಿನ ಕೆಳಗೆ ನರಕ್ಕೆ ಪೆಟ್ಟು ಬಿತ್ತು. ಇನ್ನು ಕಾಲೆತ್ತಿ ಒದೆಯುವುದನ್ನು ಮರೆತುಬಿಡಿ ಅಂದರು ಡಾಕ್ಟರು. ಹತ್ತಿರ ಹತ್ತಿರ ಆರು ತಿಂಗಳು ಹಾಸಿಗೆ. ಮನೆಯಲ್ಲಿ ಎರಡು ಮಕ್ಕಳು, ಕೈಯಲ್ಲಿ ಕಾಸಿಲ್ಲ. ಲಿಂಡಾ ಕೆಲಸಕ್ಕೆ ಹೋದರು, ಅದು ಅವನಿಗೆ ನಾಚಿಕೆ ಅನ್ನಿಸಿತು. ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ 'ನಡಿ ಮುಂದೆ' ಅನ್ನುವ ಅರ್ಥದ ಎರಡು ಪದ ಬರೆದು ಎದುರಿಗೆ ಇಟ್ಟುಕೊಂಡ.

ನನಗೆ ಐದು ವರ್ಷದ ಹಿಂದೆ ಡಿಸ್ಕ್ ಜರುಗಿ ಮೂರು ವಾರ ಮಲಗಿದ್ದೆ. ನಾನೇನು ಫೈಟ್ ಮಾಡುವವನಲ್ಲ, ಬಿದ್ದ ಪೆನ್ನು ಎತ್ತಿಕೊಳ್ಳಲು ಹೋಗಿ ಆದದ್ದು. ಮಗ್ಗಲು ಬದಲಿಸುವುದಕ್ಕೆ ಮೊದಲು ಮೊಣಕಾಲು ಮಡಚಬೇಕು. ಆಮೇಲೆ ಮಂಚದ ಅಂಚು ಹಿಡಿಯಬೇಕು. ಆಮೇಲೆ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಹೊರಳಬೇಕು. ಕೆಮ್ಮು ಬಂದರೆ ಭಯ. ಫ್ಯಾನಿನ ರೆಕ್ಕೆ ಮೇಲಿನ ಧೂಳು ಎಷ್ಟಿದೆ ಅಂತ ನನಗೆ ಬಾಯಿಪಾಠ ಆಗಿತ್ತು. ಮೂರೇ ವಾರ! ಎರಡು ಬೆರಳ ಮೇಲೆ ದಂಡ ಹೊಡೆಯುತ್ತಿದ್ದವನಿಗೆ ಆರು ತಿಂಗಳು ಹೇಗಿದ್ದಿರಬೇಕು ಅಂತ ಒಂದು ಗಂಟೆ ಯೋಚಿಸು. ಆಮೇಲೆ ಪೆನ್ನು ಹಿಡಿ.

ಮಲಗಿಕೊಂಡೇ ಅವನು ಓದಿದ, ನೋಟ್‌ಬುಕ್ ಮೇಲೆ ನೋಟ್‌ಬುಕ್ ತುಂಬಿಸಿದ. ಓದಿದವರಲ್ಲಿ ಚಿಂತಕ ಜಿಡ್ಡು ಕೃಷ್ಣಮೂರ್ತಿ ಒಬ್ಬರು. ಇಲ್ಲಿ ನೀನು ಕುಣಿದಾಡಿಬಿಟ್ಟಿದ್ದೀಯ. 'ಭಾರತದ ಜ್ಞಾನಕ್ಕೆ ಶರಣಾದ ಡ್ರ್ಯಾಗನ್' ಅಂತ ಅಧ್ಯಾಯದ ಹೆಸರು ಬೇರೆ. ಶರಣಾಗಬೇಡಿ ಅಂತಲೇ ಜೀವಮಾನವಿಡೀ ಹೇಳಿದ ಮನುಷ್ಯ ಅವರು, ಅವರಿಗೆ ಯಾರು ಶರಣಾಗೋದು? ಆ ಹೆಸರು ಹೊಡೆದುಹಾಕು. ಅದರ ಬದಲು ಎರಡು ಸಂಗತಿ ಪಕ್ಕಪಕ್ಕ ಇಡು. ಕೃಷ್ಣಮೂರ್ತಿ 1929ರಲ್ಲಿ ತಮಗಾಗಿ ಬೇರೆಯವರು ಕಟ್ಟಿದ್ದ ಸಂಘವನ್ನು ತಾವೇ ಮುಚ್ಚಿದರು. ಬ್ರೂಸ್ ಲೀ 1970ರಲ್ಲಿ ತಾನೇ ಕಟ್ಟಿದ ವರಸೆ ಶಾಲೆಗಳನ್ನು ಮುಚ್ಚಿಸಿದ. ಅಷ್ಟು ಸಾಕು, ನಡುವೆ ನೀನು ಬರಬೇಡ. ಹಾಂ, ಕೃಷ್ಣಮೂರ್ತಿ ಹುಟ್ಟಿದ ಮದನಪಲ್ಲಿ ಇಲ್ಲಿಂದ ಬಸ್ಸಿನಲ್ಲಿ ಕೆಲವೇ ಗಂಟೆ ದಾರಿ ಅಂತ ಬೇಕಾದರೆ ಒಂದು ಸಾಲು ಸೇರಿಸಿಕೋ. ನಮ್ಮವರಿಗೆ ಖುಷಿ.

ಈಗ ಲೆಕ್ಕ ಹಾಕು. 'ದ ಬಿಗ್ ಬಾಸ್' 1971. 'ಫಿಸ್ಟ್ ಆಫ್ ಫ್ಯೂರಿ', 'ವೇ ಆಫ್ ದ ಡ್ರ್ಯಾಗನ್' 1972. 'ಎಂಟರ್ ದ ಡ್ರ್ಯಾಗನ್' 1973. ನಾವು ಬ್ರೂಸ್ ಲೀ ಅಂತ ಕರೆಯೋದೆಲ್ಲ, ಆ ಸಲೂನ್ ಗೋಡೆಯ ಚಿತ್ರವೂ ಸೇರಿ, ಬೆನ್ನು ಮುರಿದುಕೊಂಡ ಮೇಲಿನದು. ನೋವು ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. 'ದ ಬಿಗ್ ಬಾಸ್' ಚಿತ್ರಕ್ಕೆ ಥಾಯ್ಲೆಂಡಿನ ಪಾಕ್ ಚಾಂಗ್‌ ಅನ್ನುವ ಹಳ್ಳಿಗೆ ಹೋದಾಗ ಹೆಂಡತಿಗೆ ಬರೆದ ಕಾಗದಗಳಲ್ಲಿ ಸೊಳ್ಳೆ, ಜಿರಳೆ ಕಾಟದ ಮಾತಿದೆ. ಗ್ಲಾಸ್ ತೊಳೆಯಲು ಹೋಗಿ ಕೈ ಕುಯ್ದುಕೊಂಡ, ಹೊಲಿಗೆ ಬಿತ್ತು. ಕಾಲು ಉಳುಕಿತು, ಹಾಗಾಗಿ ಕ್ಯಾಮೆರಾ ಮುಖದ ಹತ್ತಿರ ಹೋಯಿತು. ಆ ಗ್ಲಾಸು ನಿನ್ನ ಪುಸ್ತಕದಲ್ಲಿ ಯಾಕಿಲ್ಲ?

'ವೇ ಆಫ್ ದ ಡ್ರ್ಯಾಗನ್' ಅವನೇ ಬರೆದು ನಿರ್ದೇಶಿಸಿದ್ದು. ರೋಮಿನ ಕೊಲೊಸಿಯಂನಲ್ಲಿ ಚಕ್ ನಾರಿಸ್ ಜೊತೆಗಿನ ಕಾದಾಟವನ್ನು ಸೌಂಡ್ ಪೂರ್ತಿ ಬಂದ್ ಮಾಡಿ ನೋಡು. ಮೊದಲು ಇಬ್ಬರೂ ಹೊಡೆದಾಡುವುದೇ ಇಲ್ಲ. ಬೆರಳು ನೆಟಿಗೆ ಮುರೀತಾರೆ, ಮೈ ಬಗ್ಗಿಸ್ತಾರೆ, ಬೆನ್ನು ಸಡಿಲ ಮಾಡ್ಕೋತಾರೆ. ಅದನ್ನು ಬರೆದವನು ಎರಡು ವರ್ಷದ ಹಿಂದೆ ಮೈ ಬಿಸಿ ಮಾಡಿಕೊಳ್ಳದೆ ಮಲಗಿದವನು ಅನ್ನೋದು ನೆನಪಿರಲಿ. ಆಮೇಲೆ ಅವನಿಗೇ ಏಟು ಬೀಳುತ್ತೆ, ಚೆನ್ನಾಗಿಯೇ ಬೀಳುತ್ತೆ. ತಾನೇ ಬರೆದ ಸಿನಿಮಾದಲ್ಲಿ ತಾನೇ ನೆಲಕ್ಕೆ ಬೀಳುತ್ತಾನೆ. ಎದ್ದವನು ಹೊಡೆತ ಜೋರು ಮಾಡಲ್ಲ, ಕಾಲಿನ ಲಯ ಬದಲಿಸುತ್ತಾನೆ. ಕುಣಿಯುವ ಹಾಗೆ ಪುಟಿಯಲು ಶುರು ಮಾಡುತ್ತಾನೆ. 1958ರಲ್ಲಿ ಹಾಂಕಾಂಗಿನಲ್ಲಿ ಚಾ-ಚಾ ನೃತ್ಯದ ಚಾಂಪಿಯನ್ ಆಗಿದ್ದವನ ಕಾಲು ಅವು. 108 ಹೆಜ್ಜೆಗಳ ಪಟ್ಟಿ ಬರೆದ ಕಾರ್ಡು ಇಟ್ಟುಕೊಂಡಿದ್ದನಂತೆ. (108 ಅಂದ ತಕ್ಷಣ ಜಪಮಾಲೆಗೆ ಹೋಗಬೇಡ, ನಿನ್ನನ್ನು ನಾನು ಬಲ್ಲೆ.) ಕೊನೆಗೆ ಎದುರಾಳಿ ಸತ್ತ ಮೇಲೆ ಅವನ ಅಂಗಿ, ಬೆಲ್ಟು ತಂದು ಹೆಣದ ಮೇಲೆ ಹೊದಿಸಿ ಮಂಡಿಯೂರುತ್ತಾನೆ. ಇಷ್ಟನ್ನು 'ರೋಮಾಂಚಕ ಹೋರಾಟ' ಅನ್ನೋ ಎರಡು ಪದದಲ್ಲಿ ಮುಗಿಸಿದ್ದೀಯಲ್ಲ, ಹೊಟ್ಟೆ ಉರಿಯಿತು.

ಸಾವಿಗೆ 14 ಪುಟ. ಶಾಪ, ವಿಷ, ಮಾಫಿಯಾ, ಮುಟ್ಟಿದರೆ ತಿಂಗಳ ನಂತರ ಸಾಯಿಸುವ ಗುಪ್ತ ಏಟು. ಈ ಸರಕು ಎಲ್ಲ ಭಾಷೆಯಲ್ಲೂ ರಾಶಿ ಬಿದ್ದಿದೆ, ನೀನೂ ಒಂದು ಬುಟ್ಟಿ ಸುರಿಯಬೇಕಾಗಿಲ್ಲ. ಎರಡು ದಿನ ಬರಿ ಸಾಕು. 1973ರ ಮೇ 10: ಡಬ್ಬಿಂಗ್ ಕೋಣೆ, ಸದ್ದು ಬರಬಾರದು ಅಂತ ಏಸಿ ಆರಿಸಿದ್ದರು, ಆ ಸೆಕೆಯಲ್ಲಿ ಕುಸಿದುಬಿದ್ದ. ಮೆದುಳು ಊದಿಕೊಂಡಿತ್ತು, ಅವತ್ತು ಉಳಿದ. ಜುಲೈ 20: ನಟಿ ಬೆಟ್ಟಿ ಟಿಂಗ್ ಪೇ ಅವರ ಮನೆ, ತಲೆನೋವು, ಒಂದು ಮಾತ್ರೆ, ಮಲಗಿದವನು ಏಳಲಿಲ್ಲ. ಮತ್ತೆ ಮೆದುಳಿನ ಊತ. 32 ವರ್ಷ. ವಿಚಾರಣೆ ಆಕಸ್ಮಿಕ ಅಂತ ತೀರ್ಮಾನಿಸಿತು. ಮಗ ಬ್ರ್ಯಾಂಡನ್ ವಿಷಯದಲ್ಲೂ 'ಶಾಪ' ತೆಗಿ. 1993ರಲ್ಲಿ ಶೂಟಿಂಗಿಗೆ ತಂದ ಬಂದೂಕಿನ ನಳಿಗೆಯಲ್ಲಿ ಗುಂಡಿನ ತುದಿ ಸಿಕ್ಕಿಕೊಂಡಿತ್ತು, ಯಾರೂ ನೋಡಿರಲಿಲ್ಲ, ಅದು ಬಡಿದು ಸತ್ತ. ಅದಕ್ಕೆ ಶಾಪ ಅನ್ನಲ್ಲ, ಬೇಜವಾಬ್ದಾರಿ ಅಂತಾರೆ.

ಇದನ್ನು ಬೇಕಾದರೆ ನಮ್ಮ ಆಟೋದವರಿಂದ ಕಲಿ. ನಟ ಶಂಕರ್ ನಾಗ್, ನಮ್ಮ ಶಂಕ್ರಣ್ಣ, ಹೋಗಿದ್ದು 1990ರ ಸೆಪ್ಟೆಂಬರ್ 30, ಆನಗೋಡಿನ ಹತ್ತಿರ, 35 ವರ್ಷಕ್ಕೆ. ಈಗ ಆಟೋ ಓಡಿಸುವ ಎಷ್ಟೋ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ. ಗಾಡಿ ಹಿಂದೆ ಅವರು ಅಂಟಿಸಿರೋದು ಖಾಕಿ ಹಾಕಿ ನಗುತ್ತಿರುವ 'ಆಟೋ ರಾಜ'ನನ್ನು. ಅಪಘಾತದ ಫೋಟೋ ಯಾರೂ ಅಂಟಿಸಿಲ್ಲ.

'ಪರಂಪರೆ' ಅಧ್ಯಾಯದಲ್ಲಿ ಹೆಸರುಗಳ ಪಟ್ಟಿ ಬಿಟ್ಟರೆ ಏನೂ ಇಲ್ಲ. ಪಟ್ಟಿ ಹರಿದುಹಾಕಿ ಮೋಸ್ತಾರ್ ಒಂದನ್ನೇ ಇಟ್ಟುಕೋ. ಬೋಸ್ನಿಯಾದ ಊರು ಅದು, ಯುದ್ಧದಲ್ಲಿ ಎರಡು ಹೋಳಾಗಿತ್ತು. ಯಾರ ಪ್ರತಿಮೆ ನಿಲ್ಲಿಸಿದರೂ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಎಲ್ಲರೂ ಒಪ್ಪುವ ಒಬ್ಬ ಬೇಕಿತ್ತು. 2005ರ ನವೆಂಬರಿನಲ್ಲಿ ಬ್ರೂಸ್ ಲೀಯನ್ನು ನಿಲ್ಲಿಸಿದರು, ಹಾಂಕಾಂಗಿನ ಪ್ರತಿಮೆಗಿಂತ ಒಂದು ದಿನ ಮೊದಲು. ಆದ ಕೂಡಲೇ ಯಾರೋ ಅದನ್ನೂ ಹಾಳು ಮಾಡಿದರು. ಆ ಸಾಲನ್ನೂ ಬಿಡಬೇಡ.

ಹಸ್ತಪ್ರತಿಯನ್ನು ಭಾನುವಾರ ಬಂದು ತಗೊಂಡು ಹೋಗು. ಪೂರ್ತಿ ತಿದ್ದಿ ತರಬೇಡ, ಆ ಹಾಸಿಗೆಯ ಆರು ತಿಂಗಳು ಒಂದನ್ನೇ ಹೊಸದಾಗಿ ಬರೆದು ತಾ, ಹತ್ತು ಪುಟ. ಮಿಂಚು ಒಂದೂ ಇರಬಾರದು. ಹತ್ತು ಗಂಟೆ ಒಳಗೆ ಬಂದರೆ ಮನೆಯಲ್ಲಿ ಬಿಸಿ ಇಡ್ಲಿ ಇರುತ್ತೆ. ಆ ಗುದ್ದಲಿ ಕಾವಿನ ಒಂದು ತುಂಡು ಇನ್ನೂ ಇದೆ, ಗಾಳಿಗೆ ಬಾಗಿಲು ಬಡಿಯದ ಹಾಗೆ ಹಿತ್ತಿಲಲ್ಲಿ ಅಡ್ಡ ಇಟ್ಟಿದ್ದೇವೆ. ತೋರಿಸ್ತೀನಿ ಬಾ.

ಇಂತಿ,
ಬೇಡ ಅಂದರೂ ನೀನು 'ಸರ್' ಅಂತಲೇ ಕರೆಯುವ
ನಿನ್ನ ಅಣ್ಣ