ಸಕಾತೆಪೆಕ್ ತಂಡ ಸೋತು ಮಾಯವಾಗಿದ್ದಲ್ಲ

ಮಾನ್ಯ ಸಂಪಾದಕರೇ,

ವಿಶ್ವಕಪ್ ಹಿನ್ನೆಲೆಯಲ್ಲಿ ಮೆಕ್ಸಿಕೊ ಫುಟ್‌ಬಾಲ್ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನದಲ್ಲಿ ದೊಡ್ಡ ನಗರಗಳ ಕ್ಲಬ್‌ಗಳಿಗೆ ಕಾಲಂಗಟ್ಟಲೆ ಜಾಗ ಸಿಕ್ಕಿದೆ. ಸಕಾತೆಪೆಕ್ ಊರಿನ ತಂಡಕ್ಕೆ ಸಿಕ್ಕಿದ್ದು ಒಂದೇ ಸಾಲು: ಕೆಳಗಿನ ಡಿವಿಷನ್‌ಗೆ ಜಾರಿ ಮರೆಯಾಯಿತಂತೆ. ಆ ಸಾಲು ಸರಿಯಿಲ್ಲ. ಈ ತಂಡ ಎಷ್ಟೋ ಸಲ ಜಾರಿದೆ, ಮತ್ತೆ ಹತ್ತಿದೆ. ಕೊನೆಗೆ ಅದು ಹೋದದ್ದು ಮೈದಾನದಲ್ಲಿ ಸೋತಲ್ಲ.

ಮೆಕ್ಸಿಕೊ ನಗರದ ದಕ್ಷಿಣಕ್ಕೆ, ಮೊರೆಲೋಸ್ ರಾಜ್ಯದ ಕಬ್ಬಿನ ಬಯಲಿನಲ್ಲಿ ಈ ಊರಿದೆ. 1938ರಲ್ಲಿ ಅಧ್ಯಕ್ಷ ಲಾಸಾರೋ ಕಾರ್ದೆನಾಸ್ ಇಲ್ಲಿ ಮೆಕ್ಸಿಕೊ ಕ್ರಾಂತಿಯ ರೈತ ನಾಯಕ ಎಮಿಲಿಯಾನೋ ಸಪಾತಾ ಹೆಸರಿನ ಸಕ್ಕರೆ ಕಾರ್ಖಾನೆ ತೆರೆದರು. ಕಾರ್ಮಿಕರೂ ಬೆಳೆಗಾರರೂ ಸೇರಿ ನಡೆಸುವ ಸಹಕಾರಿ ಕಾರ್ಖಾನೆ ಅದು. ಆಡಳಿತ ಮಂಡಳಿಯ ಮೊದಲ ಅಧ್ಯಕ್ಷ ರುಬೆನ್ ಹರಮಿಯೊ, ಸಪಾತಾ ಸೈನ್ಯದಲ್ಲಿ ಹೋರಾಡಿದ್ದ ರೈತ ನಾಯಕ. ಮುಂದೆ ಬೆಳೆಗಾರರ ಪರ ನಿಂತು ಕಾರ್ಖಾನೆಯ ಆಡಳಿತವನ್ನೇ ಎದುರು ಹಾಕಿಕೊಂಡ ಆತನನ್ನು 1962ರಲ್ಲಿ ಹೆಂಡತಿ ಮಕ್ಕಳ ಸಮೇತ ಕೊಲ್ಲಲಾಯಿತು. ಅದೇ ಬೇರೊಂದು ಪತ್ರಕ್ಕಾಗುವಷ್ಟು ದೊಡ್ಡ ಕಥೆ. ಕ್ಲಬ್ ಹುಟ್ಟಿದ್ದು 1948ರಲ್ಲಿ, ಈ ಕಾರ್ಖಾನೆಯ ನೆರಳಿನಲ್ಲೇ. ಹಸಿರು ಬಿಳಿ ಅಂಗಿಯ ಆಟಗಾರರನ್ನು ಜನ ಕರೆಯುತ್ತಿದ್ದುದು 'ಕಾನ್ಯೆರೋಸ್', ಅಂದರೆ ಕಬ್ಬಿನವರು ಎಂದು.

ಮೆಕ್ಸಿಕೊದಲ್ಲಿ ಎರಡನೇ ಡಿವಿಷನ್ ಶುರುವಾದದ್ದು 1950ರಲ್ಲಿ. ಅದರ ಮೊದಲ ಚಾಂಪಿಯನ್ ಸಕಾತೆಪೆಕ್. ಮೇಲಿನ ಡಿವಿಷನ್‌ಗೆ ಬಂದ ಎರಡನೇ ವರ್ಷ, 1952–53ರಲ್ಲಿ, ರನ್ನರ್ ಅಪ್. 1954–55ರಲ್ಲಿ ಗ್ವಾದಲಹಾರಾ ತಂಡವನ್ನು ಹಿಂದಿಕ್ಕಿ ಲೀಗ್ ಗೆದ್ದಿತು. ಕೆಳಗಿನಿಂದ ಬಡ್ತಿ ಪಡೆದು ಬಂದು ಲೀಗ್ ಗೆದ್ದ ಮೊದಲ ಮೆಕ್ಸಿಕನ್ ತಂಡ ಇದೇ. 1957–58ರಲ್ಲಿ ಮತ್ತೊಮ್ಮೆ ಗೆದ್ದಿತು. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಕಾರ್ಲೋಸ್ ಲಾರಾ ಇದೇ ತಂಡದವರು. ಈ ಎರಡೂ ಪ್ರಶಸ್ತಿಗಳ ಕೋಚ್ ಇಗ್ನಾಸಿಯೊ ತ್ರೆಯೆಸ್. ಅದಕ್ಕೂ ಮೊದಲು 1953–54ರಲ್ಲಿ ಪಕ್ಕದ ಕ್ವೆರ್ನವಾಕಾದಲ್ಲಿ ನೆಲೆಸಿದ್ದ ಮಾರ್ತೆ ತಂಡವನ್ನೂ ಗೆಲ್ಲಿಸಿದ್ದು ಇದೇ ಮನುಷ್ಯ. ವಿಶ್ವಕಪ್‌ನಲ್ಲಿ ಮೆಕ್ಸಿಕೊಗೆ ಮೊದಲ ಗೆಲುವು ದಕ್ಕಿದಾಗಲೂ (1962, ಜೆಕೊಸ್ಲೊವಾಕಿಯಾ ವಿರುದ್ಧ 3–1) ಕೋಚ್ ಇವರೇ. ಸಕಾತೆಪೆಕ್‌ನಲ್ಲಿ ಇವರ ಕೈಕೆಳಗೆ ಆಡಿದ್ದ ರೌಲ್ ಕಾರ್ದೆನಾಸ್ 1970ರ ವಿಶ್ವಕಪ್‌ನಲ್ಲಿ ರಾಷ್ಟ್ರೀಯ ತಂಡದ ಕೋಚ್ ಆಗಿ ಕ್ವಾರ್ಟರ್ ಫೈನಲ್‌ವರೆಗೆ ಕರೆದೊಯ್ದರು. 'ಸಣ್ಣ ತಂಡ' ಎಂದು ಬರೆಯುವ ಮುನ್ನ ಇಷ್ಟಾದರೂ ನೋಡಬೇಕಿತ್ತು.

ಜಾರಿದ್ದೂ ನಿಜ. ಆದರೆ 1962–63, 1969–70, 1977–78, 1983–84ರಲ್ಲಿ ಪ್ರತಿ ಸಲವೂ ಎರಡನೇ ಡಿವಿಷನ್ ಗೆದ್ದೇ ಮೇಲೆ ಬಂದಿತು. 1985ರಲ್ಲಿ ಇಳಿದ ಮೇಲೆ ಮಾತ್ರ ಮತ್ತೆ ಹತ್ತಲಾಗಲಿಲ್ಲ.

ಆಮೇಲೆ ನಿಯಮಗಳೇ ಬದಲಾದವು. 1991–92ರಿಂದ ಹಿಂಬಡ್ತಿಯನ್ನು (ಯಾವ ತಂಡ ಕೆಳಗಿನ ಡಿವಿಷನ್‌ಗೆ ಇಳಿಯಬೇಕೆಂಬುದನ್ನು) ಆಯಾ ವರ್ಷದ ಅಂಕಗಳ ಮೇಲೆ ನಿರ್ಧರಿಸುವುದು ಬಿಟ್ಟು ಮೂರು ವರ್ಷದ ಸರಾಸರಿ ತೆಗೆಯತೊಡಗಿದರು: ಒಟ್ಟು ಅಂಕಗಳನ್ನು ಒಟ್ಟು ಪಂದ್ಯಗಳಿಂದ ಭಾಗಿಸುವುದು. ವರ್ಷಕ್ಕೆ 34 ಪಂದ್ಯ ಎಂದಿಟ್ಟುಕೊಳ್ಳಿ. ಹಿಂದಿನ ಎರಡು ವರ್ಷ ತಲಾ 50 ಅಂಕ ಗಳಿಸಿ ಈ ವರ್ಷ ಬರೀ 20 ಗಳಿಸಿದ ಹಳೇ ಕ್ಲಬ್‌ಗೆ 120 ಭಾಗಿಸು 102, ಅಂದರೆ 1.18. ಈಗಷ್ಟೇ ಮೇಲೆ ಬಂದು 34 ಅಂಕ ಗಳಿಸಿದ ಊರಿನ ತಂಡಕ್ಕೆ 34 ಭಾಗಿಸು 34, ಅಂದರೆ 1.00. ಹದಿನಾಲ್ಕು ಅಂಕ ಹೆಚ್ಚು ಗಳಿಸಿದವರೇ ಕೆಳಗೆ! ಹಣವಿದ್ದವರಿಗೆ ಹೀಗೆ ಇಳಿಯುವ ಪಾಳಿ ಬಂದರೂ ಕಷ್ಟವಲ್ಲ. 2018ರಲ್ಲಿ ಕೆಳಗಿಳಿಯಬೇಕಿದ್ದ ಲೋಬೋಸ್ ಬುಆಪ್ ತಂಡ 12 ಕೋಟಿ ಪೆಸೊ ಕಟ್ಟಿ ಮೇಲಿನ ಡಿವಿಷನ್‌ನಲ್ಲೇ ಉಳಿದುಕೊಂಡಿತು.

ಇನ್ನು ಲೀಗ್‌ನಲ್ಲಿನ ಸ್ಥಾನವಂತೂ ಕೊಡು ಕೊಳ್ಳುವ ಸೊತ್ತು. ಅಲ್ಲಿ ಕ್ಲಬ್ ಎಂದರೆ ಊರಲ್ಲ, ಮಾಲೀಕನ ಕೈಯಲ್ಲಿರುವ ಪರವಾನಗಿ. ಮಾಲೀಕ ಅದನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಬಹುದು. ಅಂಗಿಯ ಬಣ್ಣ, ಹೆಸರು ಎರಡನ್ನೂ ಬದಲಿಸಬಹುದು. 2017ರಲ್ಲಿ ತೇಪಿಕ್ ನಗರದ ಕೋರಾಸ್ ತಂಡದ ಪರವಾನಗಿ ಹೀಗೇ ಸಕಾತೆಪೆಕ್‌ಗೆ ಬಂತು. ಊರವರು ಸಂಭ್ರಮಿಸಿದರೆ ತಪ್ಪೆನ್ನಲಾಗದು, ಆದರೆ ತೇಪಿಕ್‌ನವರ ಪಾಡೇನು? 2020ರ ಜೂನ್‌ನಲ್ಲಿ ಮೊನಾರ್ಕಾಸ್ ಮೊರೆಲಿಯಾ ತಂಡವನ್ನು ಮಸತ್ಲಾನ್‌ಗೆ ಒಯ್ದರು. ಖಾಲಿಯಾದ ಮೊರೆಲಿಯಾಗೆ ಸಕಾತೆಪೆಕ್‌ನ ಪರವಾನಗಿ ಹೋಯಿತು. ಅದೇ ಇಂದಿನ ಅತ್ಲೇತಿಕೊ ಮೊರೆಲಿಯಾ. ಆ ವರ್ಷವೇ ಒಕ್ಕೂಟ ಬಡ್ತಿ, ಹಿಂಬಡ್ತಿ ಎರಡನ್ನೂ ಆರು ವರ್ಷಕ್ಕೆ ನಿಲ್ಲಿಸಿತು. ಹಾಗಾಗಿ ಕೆಳಗಿನಿಂದ ಗೆದ್ದು ಬರುತ್ತೇವೆಂದರೂ ಬಾಗಿಲಿರಲಿಲ್ಲ.

ಅಪಘಾತದಲ್ಲಿ ತೀರಿಕೊಂಡ ಆಟಗಾರ ಅಗುಸ್ತಿನ್ 'ಕೊರೂಕೊ' ದಿಯಾಸ್ ಹೆಸರಿನ ಕ್ರೀಡಾಂಗಣ ಊರಿನಲ್ಲಿ ಹಾಗೇ ಇದೆ. ಕಳೆದ ದಶಕದಲ್ಲಿ ನವೀಕರಣವಾದ ಮೇಲೆ ಸುಮಾರು 24 ಸಾವಿರ ಜನ ಕೂರಬಹುದು. ಊರಿನ ಜನಸಂಖ್ಯೆ ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ 35 ಸಾವಿರದ ಆಸುಪಾಸು. ಸರ್ಕಾರಿ ದುಡ್ಡಿನಲ್ಲಿ ಆಸನ ಹಾಕಿಸುವ ಮುನ್ನ ತಂಡ ಎಷ್ಟು ವರ್ಷ ಇಲ್ಲಿರಬೇಕೆಂದು ಮಾಲೀಕರಿಂದ ಬರೆಸಿಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತಿದ್ದುಪಡಿ ಹಾಕುವುದಾದರೆ, ಎರಡು ಲೀಗ್ ಪ್ರಶಸ್ತಿಗಳ ಜತೆ 1956–57 ಮತ್ತು 1958–59ರ ಮೆಕ್ಸಿಕೊ ಕಪ್‌ಗಳನ್ನೂ ಸೇರಿಸಿ. ಪರವಾನಗಿ ಅಲ್ಲಿಗೆ ಹೋಯಿತೆಂದು ಅವನ್ನು ಮೊರೆಲಿಯಾದ ಲೆಕ್ಕಕ್ಕೆ ಬರೆಯಬೇಡಿ.

– ಓದುಗ, ಬೆಂಗಳೂರು