ಹೈಸ್ಕೂಲ್ ಮಕ್ಕಳೂ ಹ್ಯಾಮ್ ಆಗಬಹುದು

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಹ್ಯಾಮ್ ರೇಡಿಯೊದಲ್ಲಿ (ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ನಡೆಸುವ ರೇಡಿಯೊ; ಅದನ್ನು ಬಳಸುವವರೇ 'ಹ್ಯಾಮ್'ಗಳು) ಮಾತಾಡಿದ ಮೇಲೆ, ನಮ್ಮ ಶಾಲೆಯ ಮಕ್ಕಳಿಗೂ ಅದರ ಆಸೆ ಹತ್ತಿದೆ. ಆದರೆ ಇದು ಎಂಜಿನಿಯರುಗಳಿಗೆ ಮಾತ್ರ ಅಂತ ದೊಡ್ಡವರೇ ಅವರನ್ನು ಸುಮ್ಮನಾಗಿಸುತ್ತಾರೆ. ಅದು ನಿಜವಲ್ಲ.

12 ವರ್ಷ ತುಂಬಿದ ಯಾರು ಬೇಕಾದರೂ ಹ್ಯಾಮ್ ಲೈಸೆನ್ಸಿನ ಪರೀಕ್ಷೆ ಬರೆಯಬಹುದು. ಶುರುವಿಗೆ 'ರಿಸ್ಟ್ರಿಕ್ಟೆಡ್' ದರ್ಜೆ ಸಾಕು. ಇದಕ್ಕೆ ಮೋರ್ಸ್ ಕೋಡ್ (ಚುಕ್ಕೆ-ಗೆರೆಗಳ ಸಂಕೇತ ಭಾಷೆ) ಬೇಕಿಲ್ಲ, ಅದು ಬೇಕಾಗುವುದು 'ಜನರಲ್' ದರ್ಜೆಗೆ. ಓಮ್‌ನ ನಿಯಮ, ಕೆಪಾಸಿಟರ್, ಟ್ರಾನ್ಸಿಸ್ಟರ್, ಆಂಟೆನಾ ಪರೀಕ್ಷೆಯ ಒಂದು ಭಾಗ. ಕ್ಯೂ ಕೋಡ್ (ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕ್ಷಿಪ್ತ ಸಂಕೇತಗಳು), ಮಾತುಕತೆ ದಾಖಲಿಸುವ ಲಾಗ್ ಬುಕ್, ನಿಯಮಗಳು ಇನ್ನೊಂದು ಭಾಗ. ಹತ್ತನೇ ತರಗತಿಯ ವಿದ್ಯುತ್ ಪಾಠ ಅರ್ಥವಾದ ಮಗುವಿಗೆ ಇದು ಕಷ್ಟವೇ ಅಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ 'ಸರಳ ಸಂಚಾರ್' ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಲೈಸೆನ್ಸ್ ಬಂದಾಗ ವಿಯು3 ಅಂತ ಶುರುವಾಗುವ ಸ್ವಂತ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಗುರುತಿನ ಹೆಸರು, ಸಿಗುತ್ತದೆ.

ಮೊಬೈಲ್ ಇರುವಾಗ ಇದ್ಯಾಕೆ ಅಂತ ಪೋಷಕರು ಕೇಳುತ್ತಾರೆ. ನಮ್ಮ ಶಿರಸಿ ಕಡೆಯವರು ಹಾಗೆ ಕೇಳಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಹಳ್ಳಿಗೆ ಹಳ್ಳಿಯೇ ಮೂಕವಾಗುತ್ತದೆ, ಅಲ್ವಾ? ನಮ್ಮ ಮನೆ ಹಿಂದೆ ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಕಟ್ಟಿದ್ದೇನೆ. ಒಂದು 12 ವೋಲ್ಟ್ ಬ್ಯಾಟರಿ ಇದೆ. ಇದಕ್ಕೆ ಒಂದು ಹ್ಯಾಮ್ ಸೆಟ್ ಜೋಡಿಸಿದರೆ 7 ಮೆಗಾಹರ್ಟ್ಸ್‌ನ ಶಾರ್ಟ್‌ವೇವ್ ಬ್ಯಾಂಡಿನಲ್ಲಿ ಮಾತಾಡಲು ಸಾಕು. ತಂತಿ ತೀರಾ ಎತ್ತರದಲ್ಲೂ ಇರಬೇಕಿಲ್ಲ. ತಗ್ಗಿನಲ್ಲಿದ್ದರೆ ಅಲೆಗಳು ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲಿನ ಅಯಾನುಗೋಳ ಎಂಬ ಪದರಕ್ಕೆ ತಾಗಿ, ಸುತ್ತಲಿನ ಜಿಲ್ಲೆಗಳ ಮೇಲೆಲ್ಲ ಇಳಿಯುತ್ತವೆ. ಹಗಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಹೆಚ್ಚು ಆವರ್ತನದ, ನೇರವಾಗಿ ಸಾಗುವ ಅಲೆಗಳ) ಸೆಟ್‌ಗೆ ಒಂದು ಗುಡ್ಡ ಅಡ್ಡ ಬಂದರೂ ಮಾತು ನಿಲ್ಲುತ್ತದೆ. ಈ ತಂತಿಗೆ ಘಟ್ಟವೇ ಅಡ್ಡಿಯಲ್ಲ. 2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದೂ ರೇಡಿಯೊದಿಂದಲೇ.

ಆನ್‌ಲೈನಲ್ಲಿ ವಾಕಿಟಾಕಿ ತರಿಸಿ ಸುಮ್ನೆ ಬಟನ್ ಒತ್ತಿ ಮಾತಾಡುವ ಹುಡುಗರನ್ನೂ ನೋಡಿದ್ದೇನೆ. ಹ್ಯಾಮ್ ಬ್ಯಾಂಡಿನಲ್ಲಿ ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ. ಮೊದಲು ಕೇಳಲು ಕಲಿಯಲಿ. ಮಾಮೂಲಿ ರೇಡಿಯೊದಲ್ಲಿ 7 ಮೆಗಾಹರ್ಟ್ಸ್‌ನ ಹ್ಯಾಮ್‌ಗಳ ಮಾತು ಗೊಗ್ಗರಾಗಿ ಕೇಳುತ್ತದೆ, ಎಸ್‌ಎಸ್‌ಬಿ (ಹ್ಯಾಮ್‌ಗಳು ಅಲ್ಲಿ ಮಾತು ಕಳಿಸುವ ವಿಧಾನ) ಇರುವ ಶಾರ್ಟ್‌ವೇವ್ ಸೆಟ್ ಬೇಕು. ದಿನಾ ಕೇಳಿದರೆ ಕಾಲ್‌ಸೈನ್ ಹೇಳುವ ಕ್ರಮ, ಸರದಿ ಕಾಯುವ ಶಿಸ್ತು ತಾನಾಗಿಯೇ ಬರುತ್ತದೆ.

ಬೆಂಗಳೂರಿನ ಹ್ಯಾಮ್ ಕ್ಲಬ್‌ಗಳವರು ಮಲೆನಾಡಿನ ಸರ್ಕಾರಿ ಶಾಲೆಗಳಿಗೂ ಬಂದು ಒಂದು ದಿನ ಸ್ಟೇಷನ್ ಹಾಕಿ ತೋರಿಸಬೇಕು. ಊಟ, ವಸತಿ ನಾವು ನೋಡಿಕೊಳ್ಳುತ್ತೇವೆ. ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಪರೀಕ್ಷೆಯ ದಿನಾಂಕ ಪ್ರಕಟವಾದಾಗ ಶಿಕ್ಷಣ ಪುಟದಲ್ಲಿ ನಾಲ್ಕು ಸಾಲು ಹಾಕಿ. ಹಳ್ಳಿ ಶಾಲೆಗಳಿಗೆ ಆ ಸುದ್ದಿ ತಲುಪುತ್ತಲೇ ಇಲ್ಲ.

– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಶಿರಸಿ